ಅಟ್ಟ ಸೇರಿದ ತಟ್ಟೆಗಳು: ಎಪ್ಪತ್ತರ ದಶಕದ ಮರೆತ ರೆಕಾರ್ಡುಗಳನ್ನು ಹುಡುಕುವುದು ಹೇಗೆ?

1976ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೂವರು ಅಣ್ಣತಮ್ಮಂದಿರು ತಮ್ಮದೇ ಪುಟ್ಟ ಕಂಪನಿಯಿಂದ 500 ರೆಕಾರ್ಡು ಒತ್ತಿಸಿದರು. ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ. ಬ್ಯಾಂಡಿನ ಹೆಸರು 'ಡೆತ್', ಅಂದರೆ ಸಾವು. ಹಿಂದಿನ ವರ್ಷವೇ ಒಳ್ಳೆಯ ಸ್ಟುಡಿಯೋದಲ್ಲಿ ಏಳು ಹಾಡು ಧ್ವನಿಮುದ್ರಿಸಿದ್ದರು. ದೊಡ್ಡ ಕಂಪನಿಯೊಂದು ಆಸಕ್ತಿ ತೋರಿಸಿತ್ತು. ಆದರೆ ಈ ಅಪಶಕುನದ ಹೆಸರು ಬದಲಿಸಿ ಅಂದಿತು. ಹಿರಿಯವನು ಡೇವಿಡ್ ಸುತರಾಂ ಒಪ್ಪಲಿಲ್ಲ. ಕಪ್ಪು ಹುಡುಗರು ಅಂದರೆ ಸೋಲ್ ಎಂಬ ಭಾವ ತುಂಬಿದ ಶೈಲಿಯಲ್ಲಿ ಹಾಡಬೇಕು ಎಂದು ಊರೇ ಅಂದುಕೊಂಡಿದ್ದ ಕಾಲ ಅದು. ಇವರು ಬಾರಿಸಿದ್ದು ಪಂಕ್ ಎಂಬ ವೇಗದ, ಒರಟು ರಾಕ್, ಅದೂ ಆ ಹೆಸರು ಊರಲ್ಲಿ ಓಡಾಡುವ ಮೊದಲೇ. 500 ಪ್ರತಿಗಳು ಎಲ್ಲೆಲ್ಲೋ ಹೋದವು. ಡೇವಿಡ್ 2000ದಲ್ಲಿ ತೀರಿಕೊಂಡ. ಬಾಬಿಯ ಸ್ವಂತ ಮಕ್ಕಳಿಗೇ ಅಪ್ಪ ಇಂಥ ಬ್ಯಾಂಡ್ ನಡೆಸಿದ್ದು ಗೊತ್ತಿರಲಿಲ್ಲ. ಸಂಗ್ರಹಕಾರರ ಕೈಯಿಂದ ಕೈಗೆ ಸಾಗಿ ಆ ಹಾಡುಗಳು ಕಡೆಗೆ ಅವರ ಕಿವಿಗೂ ಬಿದ್ದವು. 2009ರಲ್ಲಿ ಡ್ರ್ಯಾಗ್ ಸಿಟಿ ಎಂಬ ಕಂಪನಿ ಏಳೂ ಹಾಡುಗಳನ್ನು ಹೊರತಂದಿತು.

ಈ ಕಥೆ ಕೇಳಿದಮೇಲೆ ನನಗೆ ಒಂದು ವಿಷಯ ಹೊಳೆಯಿತು. ರೆಕಾರ್ಡು ಕೆಟ್ಟದಾಗಿದ್ದರಿಂದಲೇ ಮರೆತುಹೋಗುತ್ತದೆ ಅಂತೇನಿಲ್ಲ. ಹೆಸರಿನ ಜಗಳ, ದಿವಾಳಿಯಾದ ಕಂಪನಿ, ತಪ್ಪು ಬದಿಯಲ್ಲಿ ಕೂತ ಹಾಡು, ಬದಲಾದ ಫ್ಯಾಷನ್, ಹೀಗೆ ಏನೋ ಒಂದು ಕಾರಣ ಇರುತ್ತದೆ. ಯಾಕೆ ಕಳೆದುಹೋಯಿತು ಎಂದು ಗೊತ್ತಾದರೆ, ಎಲ್ಲಿ ಹುಡುಕಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ. ಕೆಳಗಿನ ಹೆಜ್ಜೆಗಳೆಲ್ಲ ಈ ಲೆಕ್ಕಾಚಾರದವೇ.

ಹೆಜ್ಜೆ 1: ಶೈಲಿ ಬಿಡಿ, ಒಂದು ಊರು ಹಿಡಿಯಿರಿ

'ಎಪ್ಪತ್ತರ ದಶಕದ ಫಂಕ್' ಎಂದು ಹುಡುಕಿದರೆ ಎಲ್ಲ ಕಡೆ ಅವೇ ಇಪ್ಪತ್ತು ಹಾಡುಗಳು ಬರುತ್ತವೆ. ಅದರ ಬದಲು ಒಂದು ಊರು, ಆ ಊರಿನ ಒಂದು ಸ್ಟುಡಿಯೋ ಆರಿಸಿಕೊಳ್ಳಿ. ಆಮೇಲೆ ಹಾಡಿದವರನ್ನು ಬಿಟ್ಟು ಬಾರಿಸಿದವರ ಹಿಂದೆ ಹೋಗಿ. ನಮ್ಮ ಕರಾವಳಿ ಕಡೆ ಯಕ್ಷಗಾನ ನೋಡುವವರು ಪ್ರಸಂಗ ಯಾವುದು ಅನ್ನುವ ಮೊದಲು ಭಾಗವತರು ಯಾರು, ಮದ್ದಳೆಗೆ ಯಾರು ಎಂದು ಕೇಳುತ್ತಾರಲ್ಲ, ಅದೇ ಬುದ್ಧಿ ಇಲ್ಲೂ ಬೇಕು.

ಮೆಂಫಿಸ್ ತಗೊಳ್ಳಿ. ಅಲ್ಲಿ ಹಳೆಯ ಸಿನಿಮಾ ಟಾಕೀಸೊಂದರ ಕಟ್ಟಡದಲ್ಲಿ ರಾಯಲ್ ಸ್ಟುಡಿಯೋ ಇದೆ. ಎಪ್ಪತ್ತರ ದಶಕದಲ್ಲಿ ನಿರ್ಮಾಪಕ ವಿಲ್ಲಿ ಮಿಚೆಲ್ ಅಲ್ಲಿ ಹೈ ರೆಕಾರ್ಡ್ಸ್ ಕಂಪನಿ‌ಗಾಗಿ ಹಾಡು ಮಾಡಿಸುತ್ತಿದ್ದರು. ಅಲ್ಲಿ ಹಾಡಿದ ಅಲ್ ಗ್ರೀನ್ ಹೆಸರು ಜಗತ್ತಿಗೇ ಗೊತ್ತು. ಅವರ ಹಿಂದೆ ಬಾರಿಸುತ್ತಿದ್ದವರು ಹಾಜಸ್ ಸಹೋದರರು: ಗಿಟಾರಿಗೆ ಟೀನಿ, ಆರ್ಗನ್‌ಗೆ ಚಾರ್ಲ್ಸ್, ಬಾಸ್‌ಗೆ ಲಿರಾಯ್. ಡ್ರಮ್ಸ್‌ಗೆ ಹೆಚ್ಚಾಗಿ ಹೊವರ್ಡ್ ಗ್ರೈಮ್ಸ್. ಇದೇ ಮೇಳ ಅದೇ ಕೋಣೆಯಲ್ಲಿ ಕೂತು ಆನ್ ಪೀಬಲ್ಸ್, ಓ.ವಿ. ರೈಟ್, ಸಿಲ್ ಜಾನ್ಸನ್, ಓಟಿಸ್ ಕ್ಲೇ ಇವರಿಗೂ ಬಾರಿಸಿತು. ಅದೇ ತೂಕದ ಡ್ರಮ್ಸ್, ಅದೇ ನಿಧಾನದ ಆರ್ಗನ್. ಹಾಡುವ ದನಿ ಮಾತ್ರ ಬೇರೆ. ಓ.ವಿ. ರೈಟ್ ದನಿ ಕೇಳಿ ನೋಡಿ. ಚರ್ಚಿನಲ್ಲಿ ಹಾಡಿ ಬೆಳೆದ ಮನುಷ್ಯ ಸಂಕಟ ತೋಡಿಕೊಳ್ಳುವ ದನಿ ಅದು. ನನ್ನ ಕೇಳಿದರೆ ಅಲ್ ಗ್ರೀನ್‌ಗಿಂತ ಒಂದು ಕೈ ಮೇಲೆ. ಜಗಳಕ್ಕೆ ಬರುವವರು ಬರಲಿ.

ಫಿಲಡೆಲ್ಫಿಯಾದ್ದು ಇನ್ನೊಂದು ದಾರಿ. 1968ರಲ್ಲಿ ಜೋ ಟಾರ್ಸಿಯಾ ಶುರುಮಾಡಿದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಅರ್ಲ್ ಯಂಗ್. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ತಂಡದ ಒಂದು ಹಾಡಿಗೆ ಅವರು ಕಾಲಿನ ಡ್ರಮ್ಮನ್ನು ಪ್ರತಿ ಎಣಿಕೆಗೂ ದಪ್ ದಪ್ ದಪ್ ದಪ್ ಎಂದು ಒದ್ದರು. ಮೇಲೆ ಹೈ-ಹ್ಯಾಟ್ ತಾಳ ಚಸ್ ಚಸ್ ಅನ್ನುತ್ತಿತ್ತು. ಮುಂದೆ ಡಿಸ್ಕೋ ಅನ್ನಿಸಿಕೊಂಡ ಸಂಗೀತಕ್ಕೆ ಈ ಪೆಟ್ಟೇ ಬೆನ್ನೆಲುಬಾಯಿತು. ಆಮೇಲೆ ಅರ್ಲ್ ಯಂಗ್ ಮತ್ತು ಜೊತೆಯವರು ನ್ಯೂಯಾರ್ಕಿನ ಸಾಲ್ಸೋಲ್ ಕಂಪನಿಗೂ ಬಾರಿಸಿದರು. ಹಾಗಾಗಿ ಫಿಲಡೆಲ್ಫಿಯಾದ ಸೋಲ್ ಇಷ್ಟವಾದರೆ ಸಾಲ್ಸೋಲ್‌ನ ಡಬಲ್ ಎಕ್ಸ್‌ಪೋಶರ್, ಲೊಲಿಯಾಟಾ ಹಾಲೊವೇ, ಫಸ್ಟ್ ಚಾಯ್ಸ್ ಕಡೆ ದಾರಿ ತಾನಾಗೇ ತೆರೆಯುತ್ತದೆ. ಡ್ರಮ್ಸ್‌ನವರು ಎಲ್ಲಿಗೆ ಹೋದರೋ ಅಲ್ಲಿಗೆ ನೀವೂ ಹೋಗಿ.

ಸೋಲ್, ಫಂಕ್, ಡಿಸ್ಕೋ, ಪಂಕ್, ಈ ನಾಲ್ಕೂ ಶೈಲಿಗಳನ್ನು ಕಿವಿಯಲ್ಲಿ ಬೇರೆ ಮಾಡಲು ಕಷ್ಟವಾದರೆ ಹೀಗೆ ನೆನಪಿಟ್ಟುಕೊಳ್ಳಿ. ಸೋಲ್‌ನಲ್ಲಿ ದನಿ ಮುಂದೆ. ಫಂಕ್‌ನಲ್ಲಿ ತಾಳದ ಮೊದಲ ಪೆಟ್ಟಿಗೆ ಒತ್ತು, ಉಳಿದದ್ದೆಲ್ಲ ಅದರ ಸುತ್ತ ಕುಣಿಯುತ್ತದೆ. ಡಿಸ್ಕೋದಲ್ಲಿ ಎಲ್ಲ ಪೆಟ್ಟೂ ಸಮ. ಪಂಕ್‌ನಲ್ಲಿ ಪುರುಸೊತ್ತೇ ಇಲ್ಲ.

ಹೆಜ್ಜೆ 2: ಸಣ್ಣ ಅಕ್ಷರ ಓದಿ

ಕೈಗೆ ರೆಕಾರ್ಡು ಸಿಕ್ಕಿದ ತಕ್ಷಣ ಮುಂದಿನ ಚಿತ್ರ ನೋಡುತ್ತ ನಿಲ್ಲಬೇಡಿ. ತಿರುಗಿಸಿ. ಯಾವ ಸ್ಟುಡಿಯೋ, ನಿರ್ಮಾಪಕ ಯಾರು, ಡ್ರಮ್ಸ್ ಯಾರದು, ಯಾವ ವರ್ಷ. ಗೊತ್ತಿರುವ ಒಂದು ಹೆಸರು ಸಿಕ್ಕರೂ ಸಾಕು, ಕೇಳಿ ನೋಡಬಹುದು.

ಆಮೇಲೆ ತಟ್ಟೆಯನ್ನು ಹೊರಗೆ ತೆಗೆದು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಮುಗಿದು ಮಧ್ಯದ ಲೇಬಲ್ ಶುರುವಾಗುವ ಮೊದಲು ಒಂದಿಷ್ಟು ನುಣುಪು ಜಾಗ ಇರುತ್ತದೆ. ಅಲ್ಲಿ ಅಂಕಿ, ಅಕ್ಷರ ಕೆತ್ತಿರುತ್ತಾರೆ. ಯಾವಾಗ, ಎಲ್ಲಿ ಒತ್ತಿದ ಪ್ರತಿ ಎಂದು ತಿಳಿಯುವುದು ಇದರಿಂದಲೇ. ಕವರನ್ನು ಯಾರು ಬೇಕಾದರೂ ನಕಲು ಮಾಡಬಹುದು, ಈ ಕೆತ್ತನೆಯನ್ನು ಹಾಗೇ ನಕಲು ಮಾಡುವುದು ಅಷ್ಟು ಸುಲಭವಲ್ಲ. ಇಂಗ್ಲೆಂಡಿನ ಜಾರ್ಜ್ ಪೆಕಮ್ ಎಂಬ, ಮೂಲ ತಟ್ಟೆಗೆ ಹಾಡಿನ ಗೆರೆ ಕೊರೆಯುವ ಕುಶಲಕರ್ಮಿ ತಾನು ಕೊರೆದ ತಟ್ಟೆಗಳ ಮೇಲೆ 'ಪೋರ್ಕಿ' ಎಂಬ ತನ್ನ ಅಡ್ಡಹೆಸರು ಗೀಚುತ್ತಿದ್ದರು. ಅಮೆರಿಕದ ಬಾಬ್ ಲಡ್ವಿಗ್ ತಮ್ಮ ಹೆಸರಿನ ಎರಡು ಮೊದಲಕ್ಷರ ಹಾಕುತ್ತಿದ್ದರು. ಈ ಗುರುತು ಕಂಡರೆ ಸದ್ದು ಚೆನ್ನಾಗಿರುತ್ತದೆ ಎಂದು ಹಳಬರ ನಂಬಿಕೆ. ನನ್ನ ಅನುಭವವೂ ಅದೇ. ಆ ಅಂಕಿಯನ್ನು ಡಿಸ್ಕಾಗ್ಸ್ ಜಾಲತಾಣದಲ್ಲಿ ಹಾಕಿ ನೋಡಿದರೆ ಯಾವ ದೇಶದ್ದು, ಯಾವ ವರ್ಷದ್ದು, ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಎಲ್ಲ ಸಿಗುತ್ತದೆ.

ಹೆಜ್ಜೆ 3: ಮೂಲೆ ಕತ್ತರಿಸಿದ ಕವರ್ ಕಂಡರೆ ಖುಷಿಪಡಿ

ಕೆಲವು ಅಮೆರಿಕನ್ ಹಲವು ಹಾಡಿನ ದೊಡ್ಡ ತಟ್ಟೆಗಳ, ಅಂದರೆ ಎಲ್‌ಪಿಗಳ ಕವರ್ ಮೂಲೆ ಕತ್ತರಿಸಿರುತ್ತಾರೆ, ಇಲ್ಲವೇ ತೂತು ಹೊಡೆದಿರುತ್ತಾರೆ, ಗರಗಸದಲ್ಲಿ ಕೊಯ್ದ ಗುರುತು ಇರುತ್ತದೆ. ಇಲಿ ಕಡಿದದ್ದಲ್ಲ ಅದು. ಮಾರಾಟವಾಗದೆ ಉಳಿದ ಮಾಲನ್ನು ಕಂಪನಿಗಳು ಹೀಗೆ ಗುರುತು ಮಾಡಿ ಚಿಲ್ಲರೆ ಕಾಸಿಗೆ ಸಗಟಾಗಿ ತಳ್ಳಿಬಿಡುತ್ತಿದ್ದವು. ವಾಪಸ್ ತಂದು ಪೂರ್ತಿ ಬೆಲೆ ಕೇಳಬಾರದು ಎಂದು ಈ ಗುರುತು. ಅಂದರೆ ಆ ಮೂಲೆ ನಿಮಗೆ 'ನಾನು ಸೋತ ರೆಕಾರ್ಡು' ಎಂದು ಹೇಳುತ್ತಿದೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಸೋಲಿಗೆ ಕಾರಣ ಹಾಡೇ ಆಗಿರಬೇಕಿಲ್ಲ. ಮೆಂಫಿಸ್‌ನ ದೊಡ್ಡ ಸೋಲ್ ಕಂಪನಿ ಸ್ಟ್ಯಾಕ್ಸ್ 1975ರ ಕೊನೆಗೆ ದಿವಾಳಿಯಾಗಿ ಬಾಗಿಲು ಹಾಕಿತು. ಅದಕ್ಕೂ ಮುಂಚೆಯೇ ಅದರ ರೆಕಾರ್ಡುಗಳು ಅಂಗಡಿಗೆ ಸರಿಯಾಗಿ ತಲುಪುತ್ತಿರಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ರೆಕಾರ್ಡು ಮಾಡುವ ಪ್ಲಾಸ್ಟಿಕ್ ವಿನೈಲ್‌ಗೇ ಬರ ಬಂತು, ಯಾಕೆಂದರೆ ಅದರ ಮೂಲ ಪೆಟ್ರೋಲಿಯಂ. ಹಾಗಾಗಿ ದೊಡ್ಡ ಕಂಪನಿಗಳ 1973-75ರ ನಡುವಿನ, ಹೆಸರೇ ಕೇಳಿರದ ಸೋಲ್, ಫಂಕ್ ರೆಕಾರ್ಡು ಅಗ್ಗಕ್ಕೆ ಕಂಡರೆ ನಾನು ಕಣ್ಮುಚ್ಚಿ ತಗೊಳ್ಳುತ್ತೇನೆ.

ಬೆಟ್ಟಿ ಡೇವಿಸ್ ವಿಷಯ ಇಲ್ಲಿ ಹೇಳಲೇಬೇಕು. 1973ರಿಂದ 1975ರ ಒಳಗೆ ಮೂರು ಫಂಕ್ ಎಲ್‌ಪಿ ತಂದರು. ಹಾಡುಗಳನ್ನು ತಾವೇ ಬರೆದರು. ಗಂಟಲು ಕೆರೆದು, ಗುರುಗುಟ್ಟಿ, ಬೇಕಾದದ್ದನ್ನು ನೇರ ಕೇಳುವ ಹೆಣ್ಣಿನ ದನಿಯಲ್ಲಿ ಹಾಡಿದರು. ಆ ಕಾಲಕ್ಕೆ ಅದು ಅರಗಲಿಲ್ಲ. ರೆಕಾರ್ಡು ಮಾರಾಟವಾಗಲಿಲ್ಲ, ಅವರು ಸಂಗೀತವನ್ನೇ ಬಿಟ್ಟು ಮನೆ ಸೇರಿದರು. 2007ರಲ್ಲಿ ಲೈಟ್ ಇನ್ ದಿ ಆಟಿಕ್ ಎಂಬ ಕಂಪನಿ ಮರುಮುದ್ರಣ ಮಾಡಿದಾಗ ಹೊಸ ಪೀಳಿಗೆಗೆ ಅವರು ಸಿಕ್ಕರು. ಫಂಕ್ ಕೇಳಲು ಶುರುಮಾಡುವವರಿಗೆ ನಾನು ಮೊದಲು ಕೊಡುವುದು ಇವರ ಮೊದಲ ಎಲ್‌ಪಿಯನ್ನೇ.

ಹೆಜ್ಜೆ 4: ಹಿಂದಿನ ಬದಿ ಹಾಕಿ

ಇದು ಖರ್ಚಿಲ್ಲದ ಹೆಜ್ಜೆ, ಆದರೂ ಜನ ಮಾಡುವುದಿಲ್ಲ. ಬದಿಗೊಂದೇ ಹಾಡಿರುವ ಸಿಂಗಲ್ ರೆಕಾರ್ಡಿನ ಮುಂದಿನ ಬದಿ ಕಂಪನಿಯವರು ನಂಬಿದ ಹಾಡು, ಹಿಂದಿನ ಬದಿ ಜಾಗ ತುಂಬಿಸಲು ಹಾಕಿದ್ದು. ಆದರೆ ಕಂಪನಿಯವರು ಎಷ್ಟೋ ಸಲ ಏಮಾರಿದ್ದಾರೆ. ಗ್ಲೋರಿಯಾ ಗೇನರ್ ಅವರ 'ಐ ವಿಲ್ ಸರ್ವೈವ್' 1978ರಲ್ಲಿ ಹಿಂದಿನ ಬದಿಯ ಹಾಡಾಗಿ ಬಂತು. ಡಿಸ್ಕೋ ಕ್ಲಬ್ಬಿನವರು ತಟ್ಟೆ ತಿರುಗಿಸಿದ್ದಕ್ಕೆ ಅದು ಉಳಿಯಿತು.

ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನವರದ್ದೇ. ಬಿದ್ದು ಅಪ್ಪಯ್ಯ. ಹೆಸರು ಬಿದ್ದು ಅಷ್ಟೇ, ಮನುಷ್ಯ ಬಿದ್ದವರಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡಿನಲ್ಲಿದ್ದು, ಅರವತ್ತರ ದಶಕದಲ್ಲಿ ಇಂಗ್ಲೆಂಡ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಗೆ ಒಂದು ಸಿಂಗಲ್ ಮಾಡಿಸುತ್ತಿದ್ದರು. ಮುಂದಿನ ಬದಿಯ ಹಾಡಿಗೇ ಸಮಯವೆಲ್ಲ ಹೋಯಿತು. ಉಳಿದ ಹತ್ತೇ ನಿಮಿಷದಲ್ಲಿ ಹಿಂದಿನ ಬದಿಗೆಂದು ಮುಗಿಸಿದ ಹಾಡು 'ಕುಂಗ್ ಫೂ ಫೈಟಿಂಗ್'. ಅದು ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಬಿದ್ದು ಹೆಸರು ಹೇಳಿದರೆ ನಮ್ಮಲ್ಲಿ 1980ರ ಹಿಂದಿ ಸಿನಿಮಾ ಹಾಡು ನೆನಪಾಗುತ್ತದೆ. ಅದಕ್ಕೂ ಮೊದಲು ಬಿದ್ದು ಆರ್ಕೆಸ್ಟ್ರಾ ಹೆಸರಿನಲ್ಲಿ ಅವರು ತಂದ ವಾದ್ಯ ಡಿಸ್ಕೋ ರೆಕಾರ್ಡುಗಳನ್ನು ಕೇಳಿದವರು ಕಡಿಮೆ. ಟೀನಾ ಚಾರ್ಲ್ಸ್, ಜಿಮ್ಮಿ ಜೇಮ್ಸ್ ಇವರಿಗೆ ಮಾಡಿಸಿದ್ದೂ ಇದೆ. ಎಲ್ಲಿಂದ ಶುರುಮಾಡಲಿ ಎಂದು ಕೇಳುವ ಕನ್ನಡಿಗರಿಗೆ ನಾನು ತೋರಿಸುವ ಬಾಗಿಲು ಇದೇ.

ಹೆಜ್ಜೆ 5: ಡಿಸ್ಕೋ ಆದರೆ 12 ಇಂಚಿನದ್ದು, ಅದರಲ್ಲೂ 1979-80ರದ್ದು

12 ಇಂಚಿನ ಸಿಂಗಲ್ ಹುಟ್ಟಿದ್ದು ಒಂದು ಅಡಚಣೆಯಿಂದ. ಟಾಮ್ ಮೋಲ್ಟನ್ ಎಂಬ ರೀಮಿಕ್ಸ್ ಕುಶಲಿ ಒಂದು ದಿನ ಹಾಡು ಕೊರೆಸಲು ಹೋದಾಗ 7 ಇಂಚಿನ ಖಾಲಿ ತಟ್ಟೆ ಮುಗಿದಿತ್ತು. ಇದ್ದ ದೊಡ್ಡ ತಟ್ಟೆಯ ಮೇಲೇ ಕೊರೆದರು. ಗೆರೆಗಳಿಗೆ ಜಾಗ ಜಾಸ್ತಿ ಸಿಕ್ಕಿತು, ಸದ್ದು ಗಟ್ಟಿಯಾಯಿತು, ಬಾಸ್ ಎದೆಗೆ ತಟ್ಟಿತು. 1976ರಲ್ಲಿ ಸಾಲ್ಸೋಲ್ ಕಂಪನಿ ಡಬಲ್ ಎಕ್ಸ್‌ಪೋಶರ್ ತಂಡದ ಹಾಡನ್ನು ಹೀಗೆ ಅಂಗಡಿಗೇ ಬಿಟ್ಟಿತು. ವಾಲ್ಟರ್ ಗಿಬನ್ಸ್ ಎಂಬ ಡಿಜೆ ಸುಮಾರು ಮೂರು ನಿಮಿಷದ ಹಾಡನ್ನು ಒಂಬತ್ತು ನಿಮಿಷಕ್ಕೂ ಜಾಸ್ತಿ ಎಳೆದಿದ್ದರು. ಆದ್ದರಿಂದ ಯಾವುದೋ ಡಿಸ್ಕೋ ಹಾಡು ಎಲ್‌ಪಿಯಲ್ಲಿ ಸಪ್ಪೆ ಅನ್ನಿಸಿದರೆ ಅಲ್ಲಿಗೇ ಕೈಬಿಡಬೇಡಿ. ಅದರ 12 ಇಂಚಿನ ರೂಪ ಇದೆಯಾ ಹುಡುಕಿ. ಅದು ಬೇರೆ ಹಾಡೇ ಆಗಿರಬಹುದು.

1979-80 ಯಾಕೆ? 1979ರ ಜುಲೈ 12ರಂದು ಷಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ರೇಡಿಯೋದ ಸ್ಟೀವ್ ಡಾಲ್ ಡಿಸ್ಕೋ ರೆಕಾರ್ಡುಗಳ ಗುಡ್ಡೆಯನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಒಂದು ರೆಕಾರ್ಡು ತಂದರೆ 98 ಸೆಂಟ್‌ಗೆ ಟಿಕೆಟ್. ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯವೇ ನಡೆಯಲಿಲ್ಲ. ಅಂದು ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಜನ ತಂದ ರೆಕಾರ್ಡುಗಳಲ್ಲಿ ಎಷ್ಟೋ ಡಿಸ್ಕೋ ಅಲ್ಲವೇ ಅಲ್ಲ, ಸುಮ್ನೆ ಕಪ್ಪು ಜನರ ಸಂಗೀತ ಅಷ್ಟೇ ಎಂದು ಮುಂದೆ ನೆನಪಿಸಿಕೊಂಡ. ಅದೇ ಹುಡುಗ ಆಮೇಲೆ ಷಿಕಾಗೋದಲ್ಲಿ ಹೌಸ್ ಎಂಬ ಕುಣಿತದ ಸಂಗೀತ ಕಟ್ಟಿದವರಲ್ಲಿ ಒಬ್ಬನಾದ. ಆ ಬೇಸಿಗೆಯ ನಂತರ ಡಿಸ್ಕೋ ಅನ್ನುವ ಪದವೇ ಕಂಪನಿಗಳಿಗೆ ಬೇಡವಾಯಿತು. ಆ ಹೊತ್ತಿಗೆ ತಯಾರಾಗಿದ್ದ ಒಳ್ಳೆಯ ರೆಕಾರ್ಡುಗಳು ಯಾರೂ ಕೇಳದೆ ಗೋದಾಮು ಸೇರಿದವು.

ಹೆಜ್ಜೆ 6: ಪಂಕ್ ಆದರೆ ಎಲ್‌ಪಿ ಅಲ್ಲ, ಸಿಂಗಲ್

ಪಂಕ್ ಬ್ಯಾಂಡುಗಳಲ್ಲಿ ಎಷ್ಟೋ ಒಂದೇ ಒಂದು ಸಿಂಗಲ್ ತಂದು ಕರಗಿಹೋದವು. ತಾವೇ ಒತ್ತಿಸಿದ್ದರಿಂದ ಪ್ರತಿಗಳೂ ಕಡಿಮೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸೇಂಟ್ಸ್ ತಂಡ 1976ರ ಸೆಪ್ಟೆಂಬರಿನಲ್ಲಿ 500 ಪ್ರತಿ ಮಾಡಿಸಿ ಲಂಡನ್ನಿನ ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿತು. ಲಂಡನ್ನಿನ ಪಂಕ್ ಬ್ಯಾಂಡುಗಳ ಮೊದಲ ಸಿಂಗಲ್ಲೇ ಆಗ ಬಂದಿರಲಿಲ್ಲ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ 1977ರ ಜನವರಿಯಲ್ಲಿ 500 ಪೌಂಡ್ ಸಾಲ ಎತ್ತಿ 1000 ಪ್ರತಿ ಒತ್ತಿಸಿದರು. ಕವರ್ ಹಿಂದೆ ಯಾವ ಹಾಡು ಎಷ್ಟನೇ ಪ್ರಯತ್ನದಲ್ಲಿ ಓಕೆ ಆಯಿತು ಎಂದೂ ಬರೆದರು. ಡೆಸ್ಪರೇಟ್ ಬೈಸಿಕಲ್ಸ್ ಎಂಬವರು ಇನ್ನೂ ಮುಂದೆ ಹೋಗಿ, ಮೊದಲ ರೆಕಾರ್ಡಿಗೆ ಒಟ್ಟು ಖರ್ಚು 153 ಪೌಂಡ್, ನೀವೂ ಮಾಡಿ ಎಂದು ಲೋಕಕ್ಕೇ ಲೆಕ್ಕ ಒಪ್ಪಿಸಿದರು. ಮದುವೆ ಮನೆಯ ಖರ್ಚಿನ ಚೀಟಿಯಷ್ಟು ನೇರ.

ಮೂಲ ಪ್ರತಿಗಳಿಗೆ ಕೈಹಾಕಬೇಡಿ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸಂಕಲನಗಳಿಂದ ಶುರುಮಾಡಿ, ಇಷ್ಟವಾದ ತಂಡದ ಊರು ಬರೆದಿಟ್ಟುಕೊಂಡು ಮತ್ತೆ ಮೊದಲ ಹೆಜ್ಜೆಗೆ ಹೋಗಿ.

ಹೆಜ್ಜೆ 7: ಒಳ್ಳೆಯ ಮರುಮುದ್ರಣ ಗುರುತಿಸಿ

ನಮಗೆ, ಭಾರತದಲ್ಲಿ ಕೂತು ಕೇಳುವವರಿಗೆ, ನಿಜವಾದ ದಾರಿ ಇದೇ. ಷಿಕಾಗೋದ ಮರುಮುದ್ರಣ ಕಂಪನಿ ನ್ಯೂಮೆರೋ ಗ್ರೂಪ್ 2003ರಲ್ಲಿ ಶುರುವಾಯಿತು. ಒಹಾಯೋದ ಕೊಲಂಬಸ್ ಊರಿನ ಕ್ಯಾಪ್‌ಸೋಲ್ ಎಂಬ ಪುಟ್ಟ ಕಂಪನಿಯ ಹಾಡುಗಳೇ ಅವರ ಮೊದಲ ಸಂಕಲನ. ಅವರ ಜೊತೆ ಕೊಡುವ ಪುಸ್ತಿಕೆ ಓದುವುದೇ ಒಂದು ಸುಖ. ಲುವಾಕಾ ಬಾಪ್ ಎಂಬ ಇನ್ನೊಂದು ಕಂಪನಿ 2013ರಲ್ಲಿ ನೈಜೀರಿಯಾದ ಎನುಗು ಊರಿನ ವಿಲಿಯಂ ಒನ್ಯಾಬೋರ್ ಅವರ ಹಾಡುಗಳನ್ನು ತಂದಿತು. ಆ ಮನುಷ್ಯ 1977ರಿಂದ ಸಿಂಥಸೈಸರ್ ಹಿಡಿದು ತಾನೇ ಎಂಟು ಎಲ್‌ಪಿ ಮಾಡಿದ್ದರು. ಆಮೇಲೆ ದೇವರ ಕಡೆ ತಿರುಗಿ, ಸಂಗೀತದ ಮಾತು ಎತ್ತಿದರೆ ಬಾಯೇ ಬಿಡುತ್ತಿರಲಿಲ್ಲ. ಹಾಡು ಮಾತ್ರ ಕೇಳಿದವರನ್ನು ಕೂರಲು ಬಿಡುವುದಿಲ್ಲ.

ಮರುಮುದ್ರಣ ಕೊಳ್ಳುವಾಗ ಎರಡು ವಿಷಯ ನೋಡಿ. ಯಾರಿಂದ ಹಕ್ಕು ಪಡೆದಿದ್ದಾರೆ ಎಂದು ಬರೆದಿದೆಯಾ? ಮೂಲ ಟೇಪಿನಿಂದ ಮಾಡಿದ್ದಾ, ಹಳೆಯ ರೆಕಾರ್ಡನ್ನೇ ಮತ್ತೆ ಬಾರಿಸಿ ಹಿಡಿದದ್ದಾ? ಎರಡಕ್ಕೂ ಉತ್ತರ ಕೊಡದ ರೆಕಾರ್ಡು ಕದ್ದು ಒತ್ತಿದ್ದಾಗಿರುವ ಸಂಭವ ಜಾಸ್ತಿ. ಒಮ್ಮೆ ಮೋಸಹೋದ ಕಲಾವಿದನಿಗೆ ಎರಡನೇ ಸಲವೂ ಕಾಸು ಹೋಗುವುದಿಲ್ಲ.

ಹೆಜ್ಜೆ 8: ಕೊಳ್ಳುವುದು, ತೊಳೆಯುವುದು

ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಮುಂಬೈನ ಚೋರ್ ಬಜಾರ್, ಕೋಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟ್ ಎಲ್ಲ ಕಡೆ ಕೈ ಕರ್ರಗಾಗುವವರೆಗೂ ಕೆದಕಬೇಕು. ಸಿಗುವುದು ಹೆಚ್ಚಾಗಿ ಸಿನಿಮಾ ಹಾಡು, ನಡುನಡುವೆ ಭಾರತದಲ್ಲೇ ಒತ್ತಿದ ಡಿಸ್ಕೋ ಎಲ್‌ಪಿ. ಪಂಕ್ ಸಿಕ್ಕರೆ ನನಗೂ ಒಂದು ಫೋನ್ ಹಾಕಿ. ಚೌಕಾಸಿ ಮಾಡುವಾಗ ರೆಕಾರ್ಡು ನೋಡಿ ಕಣ್ಣರಳಿಸಬೇಡಿ, ಬೆಲೆ ಅಲ್ಲೇ ಏರುತ್ತದೆ.

ಹೊರದೇಶದಿಂದ ತರಿಸುವಾಗ ಅಂಚೆ, ಕಸ್ಟಮ್ಸ್ ಸೇರಿಸಿಯೇ ಲೆಕ್ಕ ಹಾಕಿ. ಮಾರುವವರು ರೆಕಾರ್ಡಿನ ಸ್ಥಿತಿಗೆ ದರ್ಜೆ ಕೊಡುತ್ತಾರೆ: ಮಿಂಟ್, ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ ಹೀಗೆ. 'ಗುಡ್' ಎಂದು ಬರೆದಿದ್ದರೆ ಕೆಟ್ಟದ್ದು ಎಂದೇ ಓದಿಕೊಳ್ಳಿ. ನಾನೊಮ್ಮೆ ವಿಜಿ ಪ್ಲಸ್ ಎಂದು ನಂಬಿ ತರಿಸಿದ ಸೋಲ್ ಎಲ್‌ಪಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಂದಿನಿಂದ ಸೊಟ್ಟ ಇದೆಯಾ, ಬಾರಿಸಿ ನೋಡಿದ್ದೀರಾ ಎಂದು ಮೊದಲೇ ಕೇಳುತ್ತೇನೆ. ಅಮೆರಿಕದ 7 ಇಂಚಿನ ಸಿಂಗಲ್‌ಗಳಲ್ಲಿ ಎಷ್ಟೋ ವಿನೈಲ್ ಅಲ್ಲ, ಸ್ಟೈರೀನ್ ಎಂಬ ಇನ್ನೊಂದು ಪ್ಲಾಸ್ಟಿಕ್. ಮೊಂಡು ಮುಳ್ಳಿನಲ್ಲಿ ಬಾರಿಸಿದ್ದರೆ ಕಣ್ಣಿಗೆ ಹೊಳೆಯುತ್ತದೆ, ಕಿವಿಗೆ ಬರೀ ಚರಚರ.

ತೊಳೆಯಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ದಿಕ್ಕಿನಲ್ಲೇ ಒರೆಸಿ. ಲೇಬಲ್ ಒದ್ದೆಯಾಗಬಾರದು. ಕೊನೆಗೆ ಬರೀ ನೀರಿನಲ್ಲಿ ಇನ್ನೊಮ್ಮೆ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಕರಗುತ್ತದೆ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗಿಸದೆ ಇಡಿ. ಪೆಟ್ಟಿಗೆಯಂಥ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳಿನ ಭಾರ ಜಾಸ್ತಿ. ಮುಳ್ಳು ಕೂರುವ ಒಳ್ಳೆಯ ಕಾರ್ಟ್ರಿಡ್ಜ್‌ಗೆ ಸುಮಾರು 2 ಗ್ರಾಂ ಸಾಕು.

ಕಡೆಯದಾಗಿ ಮನೆಯವರನ್ನೂ ಕೇಳಿ. ಕೋಲ್ಕತ್ತಾದ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ಸರೋದ್ ವಾದಕ ಆಶಿಶ್ ಖಾನ್ ಜೊತೆ ಒಂದು ಡಿಸ್ಕೋ ಎಲ್‌ಪಿ ಮಾಡಿದ್ದರು. ಅದು ಬಂದದ್ದು 1982ರಲ್ಲಿ, ನಮ್ಮ ದಶಕ ದಾಟಿದಮೇಲೆ, ಇರಲಿ. ಅದು ಓಡಲಿಲ್ಲ, ಅವರೂ ಮರೆತರು. ಎಷ್ಟೋ ವರ್ಷದ ಮೇಲೆ ಹೊರದೇಶದವರು ಅದನ್ನು ಹುಡುಕುತ್ತಿದ್ದಾರೆ ಎಂದು ಅವರ ಮಗನಿಗೆ ಇಂಟರ್ನೆಟ್‌ನಲ್ಲಿ ಗೊತ್ತಾಯಿತು. 2019ರಲ್ಲಿ ನ್ಯೂಮೆರೋ ಅದನ್ನು ಮರುಮುದ್ರಿಸಿತು. ಈ ಸಲ ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಇಳಿಯುವ ಪೆಟ್ಟಿಗೆ ಗುಜರಿಯವನ ಗಾಡಿ ಹತ್ತುವ ಮುಂಚೆ ಒಂದ್ಸಲ ತೆರೆದು ನೋಡಿ.